ಐದೂವರೆಯ ಚುಕ್ಕಿ

ರಾಜೀವನ ಫೋನು ಬಂದದ್ದೇ ತಡ, ಡೋಲ್ಫಿ ಕೆತ್ತುತ್ತಿದ್ದ ಹಿತ್ತಾಳೆ ಬೋರ್ಡನ್ನು ಅರ್ಧಕ್ಕೇ ಬಿಟ್ಟು ಟ್ಯಾಕ್ಸಿ ಹತ್ತಿದ. ಅರಬರ ನಾಡಿನಲ್ಲಿ, ಶುವೈಖ್‌ನ ಗ್ಯಾರೇಜುಗಳ ನಡುವೆ, ಹೆಸರು ಕೆತ್ತುವ ಆ ಅಂಗಡಿಯಲ್ಲಿ ತಲೆ ಬಗ್ಗಿಸಿ ಕೂತು ಅವನ ಅರ್ಧ ಆಯುಸ್ಸು ಕಳೆದಿತ್ತು. ಗಿರಾಕಿ ಬೈದರೂ ಕೆಲಸ ಬಿಟ್ಟು ಏಳುವ ಪೈಕಿ ಅಲ್ಲ. ಇವತ್ತು ಮಾತ್ರ ಕೂರಲು ಆಗಲೇ ಇಲ್ಲ.

ಎಲ್ಲಕ್ಕೂ ಕಾರಣ ಒಂದು ಕೋವಿ. ಅಂಗಡಿಯ ಯಜಮಾನ, ಡೋಲ್ಫಿಯ ವೀಸಾಕ್ಕೆ ಹೊಣೆ ನಿಂತ ಕಫೀಲ್, ಬೂ ಮಿಶಾರಿ ಎಂಬ ಮುದುಕ. ಎಣ್ಣೆ ಕಂಪನಿಯಿಂದ ನಿವೃತ್ತನಾದ ಮೇಲೆ ಹೊತ್ತು ಹೋಗದೆ, ಮನೆಯಲ್ಲೇ ಕೂತು ಒಂದು ಗಾಳಿ ಕೋವಿ ಮಾಡಿಕೊಂಡಿದ್ದ. ಮದ್ದು ಗಿದ್ದು ಏನಿಲ್ಲ, ಗಾಳಿಯ ಒತ್ತಡಕ್ಕೆ ಸಣ್ಣ ಸೀಸದ ಗುಂಡು ಹಾರುತ್ತದೆ, ಅಷ್ಟೆ. ಖಾಲಿ ಡಬ್ಬಿ ಬೀಳಿಸಿ ಮೊಮ್ಮಕ್ಕಳೆದುರು ಮೀಸೆ ತಿರುವುವುದಕ್ಕೆ ಅಷ್ಟು ಸಾಕು. ಆದರೂ ಕೋವಿ ಕೋವಿಯೇ ತಾನೆ, ನೋಂದಾಯಿಸದೆ ಇಟ್ಟುಕೊಳ್ಳುವ ಹಾಗಿಲ್ಲ. ನೋಂದಾಯಿಸಬೇಕಾದರೆ ನಳಿಗೆಯ ಮೇಲೆ ಕ್ಯಾಲಿಬರ್, ಅಂದರೆ ಗುಂಡಿನ ಅಳತೆ, ಕೆತ್ತಿರಬೇಕು. ಇದರದ್ದು ಐದೂವರೆ ಮಿಲಿಮೀಟರ್. ಹೋದ ವಾರ ಮುದುಕ ಅದನ್ನು ಬಟ್ಟೆಯಲ್ಲಿ ಸುತ್ತಿ ಅಂಗಡಿಗೆ ತಂದು, ಅರಬಿ ಅಂಕಿಯಲ್ಲೇ ಚೆಂದ ಮಾಡಿ ಬರಿ ಎಂದ. ಡೋಲ್ಫಿ ಬರೆದ. ಐದು, ಚುಕ್ಕಿ, ಐದು.

ಎಡವಟ್ಟಾದದ್ದು ಅಲ್ಲೇ. ಅರಬರ ಐದು ನಮ್ಮ ಸೊನ್ನೆಯ ಹಾಗೆ ದುಂಡಗಿರುತ್ತದೆ, ಅವರ ಸೊನ್ನೆ ಬರೀ ಒಂದು ಚುಕ್ಕಿ. ದಶಮಾಂಶಕ್ಕೆ ಅವರು ಚುಕ್ಕಿ ಇಡುವುದಿಲ್ಲ, ಅಲ್ಪವಿರಾಮದ ಹಾಗೆ ಬಾಲ ಎಳೆಯುತ್ತಾರೆ. ಇದು ಡೋಲ್ಫಿಗೆ ಗೊತ್ತಿಲ್ಲದ್ದೇನಲ್ಲ. ಕಾರಿನ ನಂಬರು, ತರಕಾರಿಯ ಬೆಲೆ ಓದಿ ಓದಿ ಬಾಯಿಪಾಠವಾಗಿತ್ತು. ಆದರೆ ಐದೂವರೆ ಅಂದ ಕೂಡಲೇ ಕೈ ತಲೆಯನ್ನು ಕೇಳದೆ, ಊರಿನ ಶಾಲೆಯಲ್ಲಿ ಕಲಿತದ್ದನ್ನೇ ಮಾಡಿಬಿಟ್ಟಿತು. ಐದೂವರೆ ಇದ್ದದ್ದು ಐನೂರೈದಾಗಿ ಕೂತಿತು.

ರಾಜೀವ ಪುತ್ತೂರು ಕಡೆಯವನು. ಸಿಟಿಯಲ್ಲಿ, ಲೈಸೆನ್ಸು ಕೊಡುವ ಕಚೇರಿಯ ಎದುರು, ಜನರ ಅರ್ಜಿಗಳನ್ನು ಅರಬಿಯಲ್ಲಿ ಟೈಪ್ ಮಾಡಿಕೊಡುತ್ತಾನೆ. ಬೆಳಿಗ್ಗೆ ಬೂ ಮಿಶಾರಿ ತಂದ ಫೋಟೋ ನೋಡಿ, ನಳಿಗೆಯ ಮೇಲೆ ಕಂಡದ್ದನ್ನು ಕಂಡ ಹಾಗೇ ಹೊಡೆದ. ಮುದುಕ ಕನ್ನಡಕ ಮರೆತು ಬಂದಿದ್ದ. ಓದದೆ ಸಹಿ ಹಾಕಿ, ಕೋವಿ ಹಿಡಿದು ಕಚೇರಿಯೊಳಗೆ ಹೋದ. ಆಮೇಲೆ ರಾಜೀವ ತಮಾಷೆ ಮಾಡಲಿಕ್ಕೆಂದು ಡೋಲ್ಫಿಗೆ ಫೋನು ಹಚ್ಚಿದ.

“ಏನು ಡೋಲ್ಫಿಯಣ್ಣ, ನಿಮ್ಮ ಕಫೀಲ್ ಆನೆ ಹೊಡೀಲಿಕ್ಕೆ ಹೊರಟಿದ್ದಾರಾ? ಕೋವಿಯಲ್ಲಿ ಐನೂರೈದು ಅಂತ ಉಂಟಲ್ಲ.”

ತಾನಿಟ್ಟ ಚುಕ್ಕಿ ಡೋಲ್ಫಿಗೆ ಆಗಲೇ ನೆನಪಾದದ್ದು. ನಡೆದದ್ದನ್ನು ತೊದಲುತ್ತ ಹೇಳಿದಾಗ ಆ ಕಡೆಯ ನಗು ನಿಂತೇ ಹೋಯಿತು.

“ನೀವು ಮಾತ್ರ ಈ ಕಡೆ ಬರ್ಬೇಡಿ ಮಾರಾಯ್ರೆ,” ಎಂದ ರಾಜೀವ. “ಪರ್ಮಿಷನ್ ಇಲ್ಲದೆ ಹೊರಗಿನವ ಕೋವಿ ಮುಟ್ಟಿದ್ದು ಅಂತ ಗೊತ್ತಾದ್ರೆ ಖಲಾಸ್. ಫ್ಲೈಟ್ ಹತ್ತಿಸಿಯೇ ಬಿಡ್ತಾರೆ. ನಿಮ್ಮ ಕಫೀಲ್ ಇಲ್ಲಿಯವರು, ಸಿಕ್ಕಿಬಿದ್ರೂ ಹೇಗಾದ್ರೂ ಸುಧಾರಿಸಿಕೊಳ್ತಾರೆ.”

ಬೂ ಮಿಶಾರಿಯ ಫೋನು ಬಂದ್. ಮತ್ತೆ ಮಾಡಿದ, ಬಂದ್. ಟ್ಯಾಕ್ಸಿ ಸಿಗ್ನಲ್ಲಿಗೊಮ್ಮೆ ನಿಲ್ಲುತ್ತಿತ್ತು. ಡೋಲ್ಫಿ ಕಿಟಕಿ ಇಳಿಸಿದ, ಬಿಸಿಗಾಳಿ ಮುಖಕ್ಕೆ ಹೊಡೆಯಿತೆಂದು ಏರಿಸಿದ, ಮತ್ತೆ ಇಳಿಸಿದ. ಪಠಾಣ ಡ್ರೈವರನಿಗೆ ಸಾಕಾಗಿ, ಭಾಯಿ, ಎಸಿ ಹಾಕಿದ್ದೇನೆ ಎಂದು ಗೊಣಗಿದ. ಅಷ್ಟರಲ್ಲಿ ಹೆಂಡತಿ ಬೆಟ್ಟಿಯ ಫೋನು. ಮಗಳು ರಿಯೋನಾಳ ಹನ್ನೆರಡನೆಯ ತರಗತಿಯ ಪರೀಕ್ಷೆಯ ದಿನ ಗೊತ್ತಾಯಿತಂತೆ, ಮಂಗಫ್‌ನ ಮನೆಗೆ ಬರುವಾಗ ಒಂದು ಡಜನ್ ಪೆನ್ನು ತರಬೇಕಂತೆ. ಆಯ್ತು ಎಂದು ಇಟ್ಟ. ಮೂವರ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಅವನೊಬ್ಬನ ಕೆಲಸಕ್ಕೆ ಜೋತುಬಿದ್ದಿತ್ತು. ಅವನನ್ನು ಕಳಿಸಿದರೆ ಹೆಂಡತಿ ಮಗಳೂ ಗಂಟುಮೂಟೆ ಕಟ್ಟಬೇಕು, ಪರೀಕ್ಷೆಯ ಗತಿ ದೇವರೇ ಬಲ್ಲ.

ಹಿಂದಕ್ಕೆ ತಿರುಗಿಸು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಯಾರು ನೋಡಿದ್ದಾರೆ? ಮುದುಕ ಹೇಳುವವನಲ್ಲ. ಆ ಮುದುಕ ಹೇಳುವುದಿಲ್ಲ ಎಂಬುದೇ ಡೋಲ್ಫಿಯನ್ನು ಚುಚ್ಚಿದ್ದು. ಕೊರೊನಾ ಕಾಲದಲ್ಲಿ ಅಂಗಡಿ ಮುಚ್ಚಿದ್ದಾಗ ಇದೇ ಮನುಷ್ಯ ಅಕ್ಕಿಮೂಟೆಯನ್ನು ಹೆಗಲಿಗೇರಿಸಿ, ಲಿಫ್ಟು ಕೆಟ್ಟ ಕಟ್ಟಡ ಹತ್ತಿ ಬಂದು, ಬಾಗಿಲಲ್ಲಿಟ್ಟು, ಏದುಸಿರು ಬಿಡುತ್ತ ಹೋಗಿದ್ದ. ಅಂಥವನನ್ನು ಒಳಗೆ ಬಿಟ್ಟು ತಾನು ಹೆಸರು ಕೆತ್ತುತ್ತ ಕೂರುವುದೆ? ಥೂ, ನನ್ನ ಜನ್ಮಕ್ಕಿಷ್ಟು ಎಂದುಕೊಂಡ. ಹೆದರಿಕೆಯೇನೂ ಇಳಿಯಲಿಲ್ಲ. ಟ್ಯಾಕ್ಸಿಯೂ ತಿರುಗಲಿಲ್ಲ.

ಕಚೇರಿಯ ಕೋಣೆಯಲ್ಲಿ ಎಳೆಯ ಪ್ರಾಯದ ಅಧಿಕಾರಿಯೊಬ್ಬ ಕೂತಿದ್ದ. ಮೇಜಿನ ಮೇಲೆ ಕೋವಿ, ಎದುರಿನ ಕುರ್ಚಿಯಲ್ಲಿ ಬೂ ಮಿಶಾರಿ. ಬಾಗಿಲಲ್ಲಿ ಡೋಲ್ಫಿಯನ್ನು ಕಂಡದ್ದೇ ಮುದುಕ ಹೋಗು ಎಂಬಂತೆ ಕಣ್ಣಲ್ಲೇ ಗದರಿದ. ಅಧಿಕಾರಿ ಯಾರಿವನು ಎಂದು ಕೇಳಿದ್ದಕ್ಕೆ, ನನ್ನ ಡ್ರೈವರ್ ಎಂದುಬಿಟ್ಟ.

ಅಧಿಕಾರಿಗೆ ಕೋಪವಿರಲಿಲ್ಲ, ಅನುಮಾನವಿತ್ತು. ನಳಿಗೆಯನ್ನು ಅಳೆದಾಗಿದೆ, ಐದೂವರೆಯೇ ಇದೆ ಎಂದ. ಆದರೆ ಗುರುತು ಐನೂರೈದು, ಅರ್ಜಿಯೂ ಐನೂರೈದು. ಇಂಚಿನ ಲೆಕ್ಕದಲ್ಲಿ ಅದು ಆನೆ ಹೊಡೆಯುವ ಕೋವಿಯ ಅಳತೆ. ಸಣ್ಣ ಕೋವಿ ತೋರಿಸಿ ದೊಡ್ಡದರ ಕಾಗದ ಮಾಡಿಸಿಕೊಂಡರೆ ನಾಳೆ ದೊಡ್ಡ ಗುಂಡನ್ನೇ ತರಿಸಬಹುದು. ಹಾಗೆ ಮಾಡಿದವರಿದ್ದಾರೆ, ಜೈಲಿಗೂ ಹೋಗಿದ್ದಾರೆ. ಇದನ್ನು ಕೆತ್ತಿದವನು ಯಾರು?

“ನಾನೇ,” ಎಂದ ಬೂ ಮಿಶಾರಿ. “ಐದೂವರೆ ಅಂತ ಕೆತ್ತಿದ್ದು.”

ಹಾಗಾದರೆ ಬರೆದು ತೋರಿಸಿ ಎಂದು ಅಧಿಕಾರಿ ಒಂದು ಹಾಳೆ, ಪೆನ್ನು ಮುಂದಿಟ್ಟ. ಮುದುಕ ಠೀವಿಯಿಂದ ಬರೆದ. ಪಾಪ, ಹುಟ್ಟಿದಾರಭ್ಯ ಬರೆದ ಹಾಗೇ ಬರೆದ. ಐದು, ನಡುವೆ ಬಾಲವಿರುವ ಗೆರೆ, ಐದು. ಅಧಿಕಾರಿ ಹಾಳೆ ನೋಡಿದ, ನಳಿಗೆಯ ಚುಕ್ಕಿ ನೋಡಿದ. ಯಾವ ಅರಬನ ಕೈಯೂ ಅಲ್ಲಿ ಚುಕ್ಕಿ ಇಡುವುದಿಲ್ಲ. ಬೇಕೆಂದೇ ಐನೂರೈದು ಮಾಡಿದ್ದರೆ ಮಾತ್ರ ಇಡುತ್ತದೆ. ಆಮೇಲೆ ಅವನ ಕಣ್ಣು ಡೋಲ್ಫಿಯ ಬೆರಳುಗಳ ಮೇಲೆ ಹೋಯಿತು. ಉಗುರಿನ ಸಂದಿಯಲ್ಲೆಲ್ಲ ಹಿತ್ತಾಳೆಯ ಪುಡಿ. ಡ್ರೈವರನ ಕೈಯೇ ಇದು ಎಂದು ಕೇಳಲಿಲ್ಲ. ಸುಮ್ಮನೆ ಹಾಳೆಯನ್ನು ಇವನ ಕಡೆ ತಳ್ಳಿದ.

“ಐದೂವರೆ. ನೀನೂ ಬರಿ.”

ಡೋಲ್ಫಿ ಪೆನ್ನು ಹಿಡಿದ. ಕಲಿಯಲಿಕ್ಕೆ ಈಗ ಏನೂ ಉಳಿದಿರಲಿಲ್ಲ. ಮುದುಕ ಎಳೆದ ಬಾಲ ಕಣ್ಣೆದುರೇ ಇತ್ತು. ಅದನ್ನೇ ಎಳೆದರೆ ಅವನು ಡ್ರೈವರನೇ ಸರಿ, ಹೊರಗೆ ನಡೆದು ಪೆನ್ನು ಕೊಂಡು ಮನೆಗೆ ಹೋಗಬಹುದು. ರಿಯೋನಾ ಪರೀಕ್ಷೆ ಬರೆಯುತ್ತಾಳೆ, ಬೂ ಮಿಶಾರಿ ಇಲ್ಲೇ ಉಳಿಯುತ್ತಾನೆ. ಒಂದು ಐದು ಬರೆದ. ಮುದುಕ ಪಕ್ಕದಿಂದ ಹಿಂದಿಯಲ್ಲಿ ಮೆಲ್ಲಗೆ, ಬೇಡ ಬೇಡ ಎಂದ. ಡೋಲ್ಫಿ ಚುಕ್ಕಿ ಇಟ್ಟ. ಅದು ಸರಿಯಾಗಿ ಕಾಣಲೆಂದು ಪೆನ್ನನ್ನು ಅಲ್ಲೇ ಒತ್ತಿ ಹಿಡಿದ. ಆಮೇಲೆ ಇನ್ನೊಂದು ಐದು ಬರೆದ.

ಇದು ಮೋಸವಲ್ಲ, ಹೊರಗಿನವನ ಕೈತಪ್ಪು ಎಂದು ಅಧಿಕಾರಿಗೆ ಗೊತ್ತಾಯಿತು. ಸಿವಿಲ್ ಐಡಿ ಕೇಳಿದ, ಡೋಲ್ಫಿ ಕೊಟ್ಟ. ಮೇಲಿನವರು ಬಂದು ತೀರ್ಮಾನ ಮಾಡುವವರೆಗೆ ನೀನು ಇಲ್ಲೇ ಇರಬೇಕು ಎಂದ. ನೀವಿನ್ನು ಹೋಗಬಹುದು, ಕೋವಿ ಇಲ್ಲಿರುತ್ತದೆ ಎಂದು ಬೂ ಮಿಶಾರಿಗೆ ಹೇಳಿದ.

ಬೂ ಮಿಶಾರಿ ಏಳಲಿಲ್ಲ. ಗೋಡೆಯ ಪಕ್ಕದ ಖಾಲಿ ಕುರ್ಚಿಯನ್ನು ಎಳೆದು ತನ್ನ ಕುರ್ಚಿಗೆ ತಾಗಿಸಿ ಇಟ್ಟ.

“ಇವನು ನನ್ನವನು. ಇವನು ಎದ್ದಾಗ ನಾನೂ ಏಳುತ್ತೇನೆ,” ಎಂದು ಅಧಿಕಾರಿಗೆ ಹೇಳಿ, ಡೋಲ್ಫಿಯ ತೋಳು ಹಿಡಿದು ಕೂರಿಸಿದ. ಕೂತ ಮೇಲೆ ಡೋಲ್ಫಿಗೆ ಅಳು ತಡೆಯಲಾಗಲಿಲ್ಲ.