ಸಕ್ಕುಬಾಯಿಯ ಕೈ

ಸೊಲ್ಲಾಪುರದ ಮಿಶನ್ ದವಾಖಾನೆಯಲ್ಲಿ ಮೂವತ್ನಾಲ್ಕು ವರ್ಷ ಸೂಲಗಿತ್ತಿಯಾಗಿದ್ದ ಸಕ್ಕುಬಾಯಿಗೆ, ಇನ್ನು ಹೆರಿಗೆಗೆ ಕೈಹಾಕುವುದು ಬೇಡ ಎಂದು ದಾಕ್ತರಬಾಯಿ ಹೇಳಿದ್ದು ೧೯೩೧ರ ಮಾಗಿಯ ಚಳಿಯಲ್ಲಿ. ಬೈದು ಹೇಳಲಿಲ್ಲ. ಎದುರಿಗೆ ಕೂಡಿಸಿಕೊಂಡು, ಚಹಾ ಕೊಟ್ಟು, ಮೆಲ್ಲಗೇ ಹೇಳಿದರು. ಸಕ್ಕುಬಾಯಿಯ ನಡುಗುವ ಕೈಯಲ್ಲಿ ಚಹಾದ ಕಪ್ಪೂ ಬಸಿಯೂ ಗಡಗಡ ಸಪ್ಪಳ ಮಾಡುತ್ತಿದ್ದವು; ಬೇರೆ ಕಾರಣ ಹೇಳುವ ಪ್ರಸಂಗವೇ ಬರಲಿಲ್ಲ.

ಅವಳ ಕೆಲಸ ನೀಲಾಬಾಯಿಗೆ ಹೋಯಿತು. ಪುಣೆಯ ಕಡೆ ನರ್ಸಿನ ವಿದ್ಯೆ ಕಲಿತು ಬಂದ, ಇಪ್ಪತ್ನಾಲ್ಕರ ಹುಡುಗಿ. ಮಾತೆಲ್ಲ ಮರಾಠಿ, ಕನ್ನಡ ಕುಂಟುತ್ತಿತ್ತು. ಒಳ್ಳೆಯವಳೇ. ಸಕ್ಕುಬಾಯಿಯನ್ನು ತಾಯಿಯನ್ನು ಕರೆವಂತೆ ‘ಆಯಿ’ ಎಂದೇ ಕರೆಯುತ್ತಿದ್ದಳು. ಆದರೂ ಅವಳು ಔಷಧದ ಚೀಲ ಹಿಡಿದು ಹೊರಟಾಗಲೆಲ್ಲ ಸಕ್ಕುಬಾಯಿ ಮುಖ ತಿರುಗಿಸಿಕೊಂಡು ಅಕ್ಕಿಯ ಹರಳು ಆರಿಸುತ್ತ ಕೂಡುತ್ತಿದ್ದಳು. ದಿನಗಳು ಉದ್ದವಾದವು. ಪ್ರಾರ್ಥನೆಗೆ ಮೊಣಕಾಲೂರಿದರೆ ಬಾಯಿಗೆ ಬರುತ್ತಿದ್ದುದು ಒಂದೇ ಮಾತು: “ಸ್ವಾಮೀ, ಕೆಲಸಕ್ಕ ಬಾರದಾಕಿನ್ನ ಇನ್ನೂ ಯಾಕ ಇಟ್ಟೀದಿ?”

ಹೀಗಿರುವಾಗ ಒಂದು ಬೆಳಿಗ್ಗೆ ಕುಂಭಾರಿಯಿಂದ ಅಮೃತಪ್ಪ ಗಾಡಿ ಹೊಡೆದುಕೊಂಡು ಬಂದ. ಇಪ್ಪತ್ತೇಳು ವರ್ಷದ ಹಿಂದೆ ಅವನು ಹುಟ್ಟಿದ್ದು ಸಕ್ಕುಬಾಯಿಯ ಕೈಯಲ್ಲಿಯೇ.

“ನಮ್ಮ ಮನ್ಯಾಗ ನಿನ್ನಿ ಸಂಜಿಂದ ಬ್ಯಾನಿ ತಿನ್ನಾಕತ್ತಾಳ್ರಿ. ಸಕ್ಕುಬಾಯಾರನ್ನ ಕರಕೊಂಡ ಬಾ ಅಂದಾಳ ಅವ್ವ.”

ದಾಕ್ತರಬಾಯಿ ಅಕ್ಕಲಕೋಟೆಯ ಕಡೆ ಹಳ್ಳಿಗಳಿಗೆ ಹೋಗಿದ್ದರು. ನೀಲಾಬಾಯಿ ಚೀಲ ತೆಗೆದುಕೊಂಡಳು. ಸಕ್ಕುಬಾಯಿ ಅವಳಿಗಿಂತ ಮೊದಲೇ ಗಾಡಿ ಹತ್ತಿ ಕೂತಳು. ದಾರಿಯುದ್ದಕ್ಕೂ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ದೇವರು ತನ್ನ ಮಾತು ಕೇಳಿಸಿಕೊಂಡ ಎಂದು ಎದೆ ಅರಳಿತ್ತು.

ಅಮೃತಪ್ಪನ ತಾಯಿ ಕಲ್ಯಾಣಮ್ಮ ಬಾಗಿಲಲ್ಲೇ ನಿಂತಿದ್ದಳು. ನೀಲಾಬಾಯಿಯನ್ನು ಅಡಿಯಿಂದ ಮುಡಿತನಕ ನೋಡಿದಳು.

“ಈ ಹುಡುಗಿ ಹೊರಗ ಕೂಡಲಿ. ತಾನ ಹಡದಿಲ್ಲ, ಮಂದೀದೇನ ಮಾಡತಾಳ? ನೀವ ಬರ್ರಿ ಸಕ್ಕುಬಾಯಿ.”

ಸಕ್ಕುಬಾಯಿ ಒಬ್ಬಳೇ ಒಳಗೆ ಹೋದಳು. ಸೊಸೆ ಗಿರಿಜಾ ಬೆವರಿನಲ್ಲಿ ತೊಯ್ದು ಮಲಗಿದ್ದಳು. ಹೊಟ್ಟೆಯ ಮೇಲೆ ಕೈಯಿಟ್ಟ ಕೂಡಲೇ ಸಕ್ಕುಬಾಯಿಗೆ ತಿಳಿಯಿತು: ಕೂಸಿನ ತಲೆ ಮೇಲೆ, ಪಕ್ಕೆಲುಬಿನ ಬುಡದಲ್ಲಿದೆ. ಕಾಲು ಮುಂದಾಗಿ ಬರುವ ಕೂಸು. ಇಂಥವನ್ನು ಅವಳು ಎಷ್ಟೋ ಇಳಿಸಿದ್ದಳು. ಆದರೆ ಕೊನೆಗೆ ತಲೆ ಬಿಡಿಸುವಾಗ ಎರಡು ಬೆರಳು ಕೂದಲೆಳೆಯಷ್ಟೂ ಅಲುಗಬಾರದು.

ಸುಮ್ಮನಿದ್ದರೆ ಕೈಯ ನಡುಕ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಮನೆಗೆ ಬೇಕಾದದ್ದು ಅವಳೇ. ತಿಂಗಳುಗಟ್ಟಲೆ ಅತ್ತು ಬೇಡಿದ್ದು ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಸಕ್ಕುಬಾಯಿ ಕಣ್ಣು ಮುಚ್ಚಿದಳು. ಆಗ ಯಾಕೋ ನೆನಪಾದದ್ದು ತನ್ನ ಬಾಲ್ಯದ ದೊಡ್ಡ ಬರಗಾಲ. ಹನ್ನೊಂದು ವರ್ಷದ ಅನಾಥ ಹುಡುಗಿ ವಾಗದರಿಯ ಹಾದಿಯಲ್ಲಿ ಬಿದ್ದಿತ್ತು. ಮಿಶನ್ನಿನವರು ಎತ್ತಿಕೊಂಡು ಹೋದರು. ಆ ದಿನ ಆ ಹುಡುಗಿಯ ಕೈಯಲ್ಲಿ ಯಾವ ವಿದ್ಯೆಯಿತ್ತು? ಯಾರಿಗೆ ಅವಳಿಂದ ಏನಾಗಬೇಕಿತ್ತು? ಏನೂ ಇಲ್ಲ. ಆದರೂ ಸ್ವಾಮಿ ಅವಳನ್ನು ಬಿಟ್ಟಿರಲಿಲ್ಲ. ಅಂದು ಕೈ ನೋಡಿ ಎತ್ತಿಕೊಳ್ಳದವನು ಇಂದು ಕೈ ನೋಡಿ ಇಳಿಸುತ್ತಾನೆಯೇ?

ಅವಳು ಎದ್ದು ಬಾಗಿಲಿಗೆ ಬಂದು, ಸೆರಗಿನಿಂದ ಕೈ ಹೊರಗೆ ತೆಗೆದಳು.

“ಕಲ್ಯಾಣಮ್ಮಾರ, ಇದನ್ನ ನೋಡ್ರಿ. ಹೆಂಗ ನಡಗತದ! ಕೂಸು ಕಾಲ ಮುಂದಾಗಿ ಬರಾಕತ್ತದ. ಈ ಕೈಲೆ ಹಿಡದ್ರ ಅದಕ್ಕ ಪೆಟ್ಟಾಗತದ. ನೀಲಾನ ಕೈ ಗಟ್ಟಿ ಅದ.”

“ನೀವ ಹಿಂಗಂದ್ರ ನಾವ್ ಯಾರ್ನ ನಂಬೂಣ್ರಿ?”

“ನನ್ನ ನಂಬತೀರಿ ಅಲ್ಲೇನು? ನಾ ಆಕೀನ್ನ ನಂಬೀನಿ. ನಾನೂ ಒಳಗ ಇರತೀನಿ, ಎಲ್ಲಿಗೂ ಹೋಗೂದಿಲ್ಲ.”

ಕಲ್ಯಾಣಮ್ಮ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ಬಾಗಿಲು ಬಿಟ್ಟು ಸರಿದಳು.

ನೀಲಾಬಾಯಿ ಬಿಸಿನೀರಿನಲ್ಲಿ ಕೈ ತೊಳೆಯುತ್ತ, “ಆಯಿ, ಮಾಝ್ಯಾಕಡೂನ ಹೋಈಲ ಕಾ?” ಎಂದಳು. ತನ್ನಿಂದ ಆದೀತೇ ಎಂಬ ಹೆದರಿಕೆ ಅವಳಿಗೆ.

“ಆಗತದ ಮಗಳ. ಅವಸರ ಮಾಡಬ್ಯಾಡ.”

ಸಕ್ಕುಬಾಯಿ ಗಿರಿಜಾಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಗಿರಿಜಾ ಅವಳ ಕೈಯನ್ನು ಬಿಗಿಯಾಗಿ ಹಿಡಿದಳು. ಆ ಹಿಡಿತದಲ್ಲಿ ನಡುಕ ಯಾರಿಗೂ ಕಾಣಲಿಲ್ಲ. ನೀಲಾಬಾಯಿಯ ಮರಾಠಿಯನ್ನು ಸಕ್ಕುಬಾಯಿ ಊರ ಮಾತಿಗೆ ತಂದು, “ಈಗ ತಿಣಕವ್ವಾ... ಈಗ ಉಸರ ಬಿಡು” ಎಂದು ಕಿವಿಯಲ್ಲಿ ಹೇಳುತ್ತಿದ್ದಳು. ಪುಟ್ಟ ಕಾಲುಗಳು ಕಂಡವು. ನೀಲಾಬಾಯಿ ಹಿಡಿಯಲು ಕೈಚಾಚಿದಾಗ ಸಕ್ಕುಬಾಯಿ ತಡೆದಳು: “ಜಗ್ಗಬ್ಯಾಡ. ಅದರಷ್ಟಕ್ಕ ಅದು ಇಳೀಲಿ.” ಕೊನೆಗೆ ತಲೆಯ ಸರದಿ ಬಂದಾಗ ನೀಲಾಬಾಯಿಯ ಬೆರಳುಗಳು ತಪ್ಪಲಿಲ್ಲ.

ಹೆಣ್ಣುಕೂಸು. ಮೊದಲು ನೀಲಿಗಟ್ಟಿ ಸುಮ್ಮನಿತ್ತು. ನೀಲಾಬಾಯಿ ಬಾಯಿ ಒರೆಸಿ ಬೆನ್ನು ತಿಕ್ಕಿದ ಮೇಲೆ ಓಣಿಗೆಲ್ಲ ಕೇಳುವಂತೆ ಅತ್ತಿತು.

ಕಲ್ಯಾಣಮ್ಮ ಖಣ, ಕೊಬ್ಬರಿ, ಜೋಳ ತಂದು ಸಕ್ಕುಬಾಯಿಯ ಉಡಿ ತುಂಬಲು ಬಂದಳು. “ಮೊದಲ ಆಕೀಗಿ” ಎಂದಳು ಸಕ್ಕುಬಾಯಿ. ಕಲ್ಯಾಣಮ್ಮ ನಾಚಿ ನಕ್ಕು, ಇಬ್ಬರ ಉಡಿಯನ್ನೂ ತುಂಬಿದಳು.

ಅಂದಿನಿಂದ ಹಳ್ಳಿಯ ಗಾಡಿಗಳು ಇಬ್ಬರನ್ನೂ ಕರೆದೊಯ್ಯತೊಡಗಿದವು. ನೀಲಾಬಾಯಿ ಹೆರಿಗೆ ಮಾಡಿಸುವಳು. ಸಕ್ಕುಬಾಯಿ ತಲೆಯ ಕಡೆ ಕೂಡುವಳು. ನಾಲ್ಕು ವರ್ಷ ಹೀಗೇ ನಡೆಯಿತು. ಆಮೇಲೆ ಸಕ್ಕುಬಾಯಿಗೆ ಗಾಡಿ ಹತ್ತಲೂ ಆಗದಂತಾಯಿತು, ಕೈಯ ತುತ್ತು ಬಾಯಿಗೆ ಮುಟ್ಟದಾಯಿತು. ನೀಲಾಬಾಯಿ ರೊಟ್ಟಿಯನ್ನು ಹಾಲಿನಲ್ಲಿ ಹಿಸುಕಿ ಉಣಿಸುತ್ತಿದ್ದಳು. ಸಕ್ಕುಬಾಯಿ ಸಂಕೋಚಪಡದೆ ಬಾಯಿ ತೆರೆಯುತ್ತಿದ್ದಳು. ಉಂಡಾದ ಮೇಲೆ ಇಂದು ಯಾವ ಊರಲ್ಲಿ ಹೆರಿಗೆಯಾಯಿತೆಂದು ಕೇಳಿ, ತಾಯಿಯ ಹೆಸರನ್ನೂ ಕೂಸಿನ ಊರನ್ನೂ ಒಂದೊಂದಾಗಿ ಹೇಳಿ, ದೇವರಿಗೆ ಒಪ್ಪಿಸಿ, ಗೋಡೆಯ ಕಡೆ ಹೊರಳಿ ನೆಮ್ಮದಿಯಿಂದ ಮಲಗುತ್ತಿದ್ದಳು.