ಜೂನ್ ಒಂದರ ಹುಡುಗರು

ಈ ಕತೆ ಹೇಳಲು ನನಗೇನು ಹಕ್ಕಿದೆಯೋ ತಿಳಿಯದು. ಎರಡೂ ಮನೆಯವರು ಕ್ಷಮಿಸಲಿ; ತಪ್ಪು ಕಂಡರೆ ಅದು ಹೇಳುವವನದು.

ಮುಂಬೈಯ ಕಾಂದಿವಲಿಯ ಚಾಳಿನಲ್ಲಿ ಹಾಲವ್ವನ ಖೋಲಿಗೂ ವಸಂತಿಯ ಖೋಲಿಗೂ ನಡುವೆ ಇದ್ದದ್ದು ಒಂದು ನಲ್ಲಿ ಮಾತ್ರ. ಹತ್ತು ವರ್ಷದ ಹಿಂದೆ ಇಬ್ಬರೂ ಮಕ್ಕಳನ್ನು ಒಂದೇ ದಿನ ಶಾಲೆಗೆ ಸೇರಿಸಿದ್ದರು. ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಹಾಲವ್ವನಿಗೆ ಆಗ ಮರಾಠಿ ಬರುತ್ತಿರಲಿಲ್ಲ. ಬೆಳಗಾವಿಯ ವಸಂತಿಯೇ ಅವಳ ಪರವಾಗಿ ಮಾತಾಡಿದಳು. ಆರು ತುಂಬಿರಬೇಕು ಎಂದರು ಮಾಸ್ತರರು. ಹಾಲವ್ವನ ಮಗ ಶರಣ ಹುಟ್ಟಿದ್ದು ಸೀಗಿ ಹುಣ್ಣಿಮೆಗೆ; ಆರು ತುಂಬಲು ಇನ್ನೂ ನಾಲ್ಕು ತಿಂಗಳು ಬಾಕಿ. ವರ್ಷ ಕಾಯುವುದೆಂದರೆ ಅವನನ್ನು ಮರಳಿನ ಗುಡ್ಡೆಯ ಪಕ್ಕ ಕೂರಿಸಿಕೊಂಡು ಇಟ್ಟಿಗೆ ಹೊರುವುದು. ವಸಂತಿಯ ಅನಿಕೇತನದೂ ಅದೇ ಪಾಡು. "ಇಬ್ಬರಿಗೂ ಜೂನ್ ಒಂದು ಬರೀರಿ," ಎಂದಳು ವಸಂತಿ. ಮಾಸ್ತರರು ನಕ್ಕು ಬರೆದರು. ಆ ರಿಜಿಸ್ಟರಿನ ತುಂಬ ಜೂನ್ ಒಂದೇ ಇತ್ತು. ಅಂದಿನಿಂದ ಹುಡುಗರಿಬ್ಬರಿಗೂ ಪ್ರತಿ ವರ್ಷ ಒಂದೇ ಕೇಕು.

ಕಳೆದ ಆಗಸ್ಟಿನಲ್ಲಿ ಮೈದಾನದ ಹಿಂದೆ ಜಗಳವಾಗಿ ಅನಿಕೇತ ಚಾಕು ಇರಿತಕ್ಕೆ ಸತ್ತ. ಪೊಲೀಸರು ಶರಣನನ್ನೂ ಇನ್ನೊಬ್ಬ ಹುಡುಗನನ್ನೂ ಹಿಡಿದೊಯ್ದರು. ಶಾಲೆಯ ಲೆಕ್ಕದಲ್ಲಿ ಶರಣನಿಗೆ ಅಂದು ಹದಿನಾರು ವರ್ಷ, ಎರಡು ತಿಂಗಳು.

"ಹದಿನಾರು ತುಂಬಿದ್ರೆ ದೊಡ್ಡವರ ಹಾಗೆ ಕೇಸ್ ನಡೆಸಬಹುದು, ಮೌಶಿ," ಎಂದಳು ಸರ್ಕಾರ ಕೊಟ್ಟ ವಕೀಲೆ ರಾಧಿಕಾ. "ಜೀವಾವಧಿವರೆಗೂ ಹೋಗಬಹುದು. ತುಂಬಿಲ್ಲ ಅಂದ್ರೆ ಹೆಚ್ಚಂದ್ರೆ ಮೂರು ವರ್ಷ, ಅದೂ ಹುಡುಗರ ಹೋಮ್‌ನಲ್ಲಿ."

"ತುಂಬಿಲ್ಲರೀ ಮೇಡಮ್ಮಾರ! ಸೀಗಿ ಹುಣ್ಣಿವಿಗೆ ಹುಟ್ಟ್ಯಾನ!"

"ಕಾಗದ ಏನಾದ್ರೂ ಇದೆಯಾ?"

ಕಾಗದ ಇರಲಿಲ್ಲ. ಊರಲ್ಲಿ ಹೆರಿಗೆ ಮಾಡಿಸಿದ ಮುದುಕಿಯೂ ಶಾಲೆಯ ಆ ಮಾಸ್ತರರೂ ಸತ್ತು ವರ್ಷಗಳಾಗಿದ್ದವು. ಸುಳ್ಳು ಬರೆಸಿದ್ದನ್ನು ಕಂಡವಳು ಇನ್ನು ಒಬ್ಬಳೇ.

ಮೂರು ದಿನ ಹಾಲವ್ವ ನಲ್ಲಿಯವರೆಗೆ ಹೋಗಿ ತಿರುಗಿ ಬಂದಳು. ನಾಲ್ಕನೆಯ ದಿನ ಹೊಸ್ತಿಲ ಹೊರಗೆ ನಿಂತಳು. ವಸಂತಿ ಅಕ್ಕಿ ಆರಿಸುತ್ತಿದ್ದಳು, ತಲೆಯೆತ್ತಲಿಲ್ಲ.

"ಯಕ್ಕಾ, ಸಾಳ್ಯಾಗ ಏನ್ ಬರಿಸಿದ್ವಿ ಅಂತ ಒಂದ್ ಮಾತ್ ಹೇಳವಾ. ಅಷ್ಟ."

"ನಿನ್ ಮಗಾ ನಾಕ್ ತಿಂಗಳ ಸಣ್ಣಾವ ಅಂತ ಹೇಳ್ಲಿ?" ವಸಂತಿಯ ಕೈ ಮೊರದಲ್ಲೇ ನಿಂತಿತು. "ನಂದು ಸಣ್ಣದಿರ್ಲಿಲ್ಲೇನ? ಕೇಕ್ ಕಟ್ ಮಾಡಿ ಮೊದಲ್ನೇ ತುಕಡಾ ನಿನ್ ಮಗನ ಬಾಯಾಗ ಇಡ್ತಿತ್ತು. ಹೋಗ ಹಾಲವ್ವ. ನಿನ್ನ ಮಾರಿ ನೋಡಿದ್ರ ನನಗ ಅವಂದ ಧ್ವನಿ ಕೇಳಿಸ್ತದ."

ಆದರೂ ವಿಚಾರಣೆಯ ದಿನ ಬಾಲ ನ್ಯಾಯ ಮಂಡಳಿಯ ಹೊರಗಿನ ಬೆಂಚಿನ ಮೇಲೆ ವಸಂತಿ ಕೂತಿದ್ದಳು. ಒಳಗೆ ಕರೆದಾಗ, ಹಾಲವ್ವನ ಕಡೆ ನೋಡದೆ, ಜೂನ್ ಒಂದು ಬರೆಸಿದ್ದು ತಾನೇ, ಇಬ್ಬರಿಗೂ, ಎಂದಳು.

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದರು. ಅಂದು ಶಾಲೆಗೆ ಸುಳ್ಳು ಹೇಳಿದವರು ಇಂದು ನಿಜ ಹೇಳುತ್ತಿದ್ದಾರೆಂದು ನಂಬುವುದು ಹೇಗೆ ಎಂದು ಮೆಲ್ಲಗೇ ಕೇಳಿದರು. ಕಾನೂನು ಮೊದಲು ನೋಡುವುದು ಶಾಲೆಯ ಕಾಗದವನ್ನು. ಕಾಗದ ಸರಿಯಾಗಿಯೇ ಇತ್ತು: ಮುದ್ರೆ, ಸಹಿ, ಹಾಲವ್ವನ ಹೆಬ್ಬೆಟ್ಟು.

ಮುಂದಿನ ತಿಂಗಳು ಮನೋವೈದ್ಯರ ವರದಿಯೂ ಬಂದ ಮೇಲೆ, ಶರಣನನ್ನು ದೊಡ್ಡವನೆಂದೇ ವಿಚಾರಿಸಲು ಸೆಷನ್ಸ್ ಕೋರ್ಟಿಗೆ ಒಪ್ಪಿಸಿದರು.

ಭೇಟಿಯ ದಿನ ಶರಣ ತನ್ನ ವಿಷಯ ಏನೂ ಕೇಳಲಿಲ್ಲ. "ಅನೀದ ಮಮ್ಮಿ ಬಂದಿದ್ಳಂತ... ಕ್ಯಾ ಬೋಲೀ?" ಎಂದ.

"ಖರೇ ಹೇಳಿದ್ಳಪಾ."

ಅವನು ಗೋಡೆಯ ಕಡೆ ತಿರುಗಿ ಕೂತ. ಹೊತ್ತು ಮುಗಿಯುವವರೆಗೂ ತಿರುಗಲಿಲ್ಲ.

ಚಾಕು ಯಾರ ಕೈಯಲ್ಲಿತ್ತೆಂದು ಹಾಲವ್ವ ಇವತ್ತಿಗೂ ಕೇಳಿಲ್ಲ, ಅವನೂ ಹೇಳಿಲ್ಲ. ವಸಂತಿ ಅಂದು ಯಾಕೆ ಬಂದಳೆಂಬುದೂ ಅವಳಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.