ರೇಡಿಯೋದಲ್ಲಿ ಬಂದ ಸೋಲು

ಒಳಾಂಗಣ ಕ್ರೀಡಾಂಗಣದ ಗೋಡೆಗೆ ಅಂಟಿಕೊಂಡಂತೆ ನನ್ನ ಕ್ಯಾಂಟೀನಿತ್ತು. ಅಲ್ಲಿಂದ ಆಟ ಕಾಣುತ್ತಿರಲಿಲ್ಲ. ಗೋಡೆಯಾಚೆ ಚೆಂಡು ಪುಟಿಯುವ ಸದ್ದು ಮಾತ್ರ ಕೇಳುತ್ತಿತ್ತು. ಜೋರಾಗಿ ಚಪ್ಪಾಳೆ ಬಿದ್ದರೆ, ಇನ್ನೇನು ಗಿರಾಕಿಗಳು ಬಂದರೆಂದು ಹಾಲು ಒಲೆಗಿಡುತ್ತಿದ್ದೆ.

ಆ ವರ್ಷದ ಟೆನಿಸ್ ಪಂದ್ಯಾವಳಿಯಲ್ಲಿ ಇಂದುಮತಿ ಅರ್ಹತಾ ಸುತ್ತಿನಲ್ಲೇ ಸೋತಿದ್ದಳು. ಸೋತವರು ಅಂದೇ ಊರು ಬಿಡುವುದು ವಾಡಿಕೆ. ಇವಳು ಮಾತ್ರ ಮರುದಿನವೂ ಆಟದ ಉಡುಪಿನಲ್ಲೇ ಬಂದು, ಬ್ಯಾಗನ್ನು ಕಾಲ ಬಳಿ ಇಟ್ಟುಕೊಂಡು ಮೂಲೆಯ ಮೇಜಿಗೆ ಕೂತಳು.

"ಯಾರಾದ್ರೂ ಹಿಂದೆ ಸರಿದ್ರೆ ಆ ಜಾಗ ನಂಗೆ ಸಿಗತ್ತೆ ಅಕ್ಕಾ. ಕರೆದಾಗ ಇಲ್ಲೇ ಇರಬೇಕು, ಅಷ್ಟೆ."

"ಹಾಗಾದ್ರೆ ಯಾರದೋ ಕಾಲು ಮುರೀಲಿ ಅಂತ ಕಾಯ್ತಿದೀಯ ಅನ್ನು" ಎಂದು ಕೆಣಕಿದೆ.

ಅವಳು ನಗಲಿಲ್ಲ. "ಅಪ್ಪ ಹಾಸಿಗೆ ಹಿಡಿದಿದಾರೆ. ನಂಗೆ ಆಟ ಕಲಿಸಿದ್ದೇ ಅವರು. ಸಂಜೆ ರೇಡಿಯೋ ಹಾಕಿಸ್ಕೊಂಡು ಫಲಿತಾಂಶ ಕೇಳ್ತಾರೆ. ಅರ್ಹತಾ ಸುತ್ತಿನವರ ಹೆಸರು ಅದರಲ್ಲಿ ಬರಲ್ಲ. ಮುಖ್ಯ ಸುತ್ತಲ್ಲಿ ಒಂದೇ ಒಂದು ಮ್ಯಾಚು ಆಡಿದ್ರೆ, ಸೋತ್ರೂ ಹೆಸರು ಬರತ್ತೆ. ಮುಂದಿನ ವರ್ಷ ಕೇಳೋಕೆ ಅವರು ಇರ್ತಾರೋ ಇಲ್ವೋ."

ಮೊದಲ ಸುತ್ತಿನ ಕೊನೆಯ ದಿನ ಜೆಸಿಂತಾ ಎಂಬ ಹುಡುಗಿ ಕುಂಟುತ್ತಾ ಬಂದು ಐಸ್ ಕೇಳಿದಳು. ಅಭ್ಯಾಸದಲ್ಲಿ ಕಾಲು ಉಳುಕಿತ್ತು. ಮಧ್ಯಾಹ್ನ ಅವಳ ಆಟವಿತ್ತು. ಬೇರೆ ಮೇಜುಗಳು ಖಾಲಿಯಿದ್ದರೂ ನಾನು ಅವಳನ್ನು ಇಂದುಮತಿಯ ಎದುರಿಗೇ ಕೂರಿಸಿದೆ. ಇಬ್ಬರೂ ಮಾತಾಡಲಿ ಎಂಬುದು ನನ್ನ ಲೆಕ್ಕ.

ಇಂದುಮತಿ ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಐಸ್ ಒತ್ತಿದಳು. ತನ್ನ ಬ್ಯಾಗಿನಿಂದಲೇ ಪಟ್ಟಿ ತೆಗೆದು ಬಿಗಿಯಾಗಿ ಸುತ್ತಿದಳು. "ಈಗ ಊರಿ ನೋಡು. ಎರಡು ಗೇಮ್ ಆಡಿ ಬಿಟ್ರೂ ಮೊದಲ ಸುತ್ತಿನ ಹಣ ನಿಂದೇ. ಆಡದೆ ಹೋದ್ರೆ ಏನೂ ಇಲ್ಲ" ಎಂದು ಹೇಳಿ ಕೈ ತೊಳೆಯಲು ಹೋದಳು.

ನನಗೆ ಮೈ ಉರಿಯಿತು. "ಇಂಥ ಪೆದ್ದಿನ ಎಲ್ಲೂ ನೋಡಿಲ್ಲ!"

"ಯಾಕೆ ಆಂಟಿ?" ಎಂದಳು ಜೆಸಿಂತಾ. ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಎದ್ದು ಕಾಲೂರಿ ನೋಡಿದಳು. "ನೋವಿರೋದೇನೂ ಸುಳ್ಳಲ್ವಲ್ಲ?"

"ಕುಂಟೋದು ನಂಗೂ ಕಾಣತ್ತೆ ಕಣಮ್ಮ."

ಅವಳು ಸಂಘಟಕರ ಕೋಣೆಯತ್ತ ಹೊರಟಳು. ಬರುವಾಗಿನದಕ್ಕಿಂತ ಹೋಗುವಾಗ ಕೊಂಚ ಹೆಚ್ಚೇ ಕುಂಟುತ್ತಿದ್ದಳು.

ಮಧ್ಯಾಹ್ನ ಇಂದುಮತಿಯ ಹೆಸರು ಕೂಗಿದರು. ಎದುರಿಗಿದ್ದವಳು ಆ ಸಲದ ಅಗ್ರ ಆಟಗಾರ್ತಿ. ಗೋಡೆಯಾಚೆಯ ಸದ್ದು ಬೇಗನೇ ನಿಂತಿತು.

ಸಂಜೆ ಮೂವರೂ ನನ್ನ ರೇಡಿಯೋ ಮುಂದೆ ಕೂತೆವು. ವಾರ್ತೆ ಓದುವವನು ಪುರುಷರ ಒಂದೊಂದು ಸೆಟ್ಟನ್ನೂ ಬಿಡಿಸಿ ಬಿಡಿಸಿ ಹೇಳುತ್ತಿದ್ದ.

"ಈ ಗಂಡಸರ ಮ್ಯಾಚು ಮುಗಿಯೋದೇ ಇಲ್ವಾ ಮಾರಾಯ!" ಎಂದು ಜೆಸಿಂತಾ ರೇಡಿಯೋವನ್ನೇ ಗದರಿಸಿದಳು.

ಕೊನೆಗೂ ಮಹಿಳೆಯರ ಸರದಿ ಬಂತು. ಅಗ್ರ ಆಟಗಾರ್ತಿ 6-1, 6-2ರಿಂದ ಇಂದುಮತಿಯನ್ನು ಸೋಲಿಸಿದಳು ಎಂದದ್ದೇ ತಡ, ಜೆಸಿಂತಾ ಮೇಜು ಬಡಿದು ಕಿರುಚಿದಳು. ಅಕ್ಕಪಕ್ಕದವರು ಗೆದ್ದವರು ಯಾರೆಂದು ತಿರುಗಿ ನೋಡಿದರು.

ಇಂದುಮತಿ ಗಲ್ಲಾದ ಫೋನೆತ್ತಿ ಮನೆಗೆ ಹಚ್ಚಿದಳು. ಆ ಕಡೆಯ ಕ್ಷೀಣ ದನಿ ನನಗೂ ಕೇಳಿಸಿತು.

"ಎರಡನೇ ಸೆಟ್ಟಲ್ಲಿ ಎರಡು ಗೇಮ್ ಕಿತ್ಕೊಂಡ್ಯಲ್ಲ ಪುಟ್ಟಾ, ಅದು ಹ್ಯಾಗೆ? ನಿಧಾನಕ್ಕೆ ಹೇಳು."

ಅವಳು ಹೇಳತೊಡಗಿದಳು. ಹೇಳುತ್ತಲೇ, ಗಲ್ಲಾದ ಮೇಲೆ ಚೆಲ್ಲಿದ್ದ ನೀರಿನಲ್ಲಿ ಬೆರಳದ್ದಿ ಕೋರ್ಟಿನ ಗೆರೆಗಳನ್ನೆಳೆದಳು. ನಡುವೆ ನೆಟ್ ಎಳೆದಳು, ತಾನು ನಿಂತಿದ್ದ ಜಾಗ ತೋರಿಸಿದಳು. ಒಂದು ಮೂಲೆ ಆಗಲೇ ಆರುತ್ತಿತ್ತು. ನಾನು ಲೋಟದಿಂದ ಇನ್ನಷ್ಟು ನೀರು ಚೆಲ್ಲಿದೆ.